ಎರಡು ಬೆರಳು ತಗ್ಗು

ಕನ್ನಡಕದ ಮೇಷ್ಟ್ರು ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಹಾಗೆಂದು ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕನ್ನಡಕದ ಅಂಗಡಿಯ ಹಿಂಭಾಗದ ಮಬ್ಬುಗತ್ತಲೆ ಕೋಣೆಯಲ್ಲಿ ಕೂತು, ಬಂದವರಿಗೆಲ್ಲ ಎದುರುಗೋಡೆಯ ಅಕ್ಷರ ಓದಿಸುವುದು ಅವರ ಕೆಲಸ. ಓದಲು ತಡವರಿಸಿದವರು ಎಷ್ಟೇ ದೊಡ್ಡ ಮನುಷ್ಯರಾಗಿರಲಿ, "ಅವಸರ ಬೇಡ, ಇನ್ನೊಂದ್ಸಲ ನೋಡಿ" ಎಂದು ಮೆಲ್ಲಗೆ ಗದರುತ್ತಿದ್ದರು. ಹೀಗಾಗಿ ಮೇಷ್ಟ್ರು ಎಂಬ ಹೆಸರು ಅಂಟಿಕೊಂಡಿತು. ಕಣ್ಣ ಮುಂದೆ ಒಂದು ಗಾಜಿಟ್ಟು, ತೆಗೆದು, ಇನ್ನೊಂದಿಟ್ಟು, "ಮೊದಲನೇದು ಚೆನ್ನಾಗಿತ್ತಾ, ಎರಡನೇದಾ?" ಎಂದು ಕೇಳುವುದರಲ್ಲೇ ಅವರ ಅರ್ಧ ಆಯಸ್ಸು ಕಳೆದಿತ್ತು. ಬೇರೆಯವರು ಎರಡರಲ್ಲಿ ಒಂದನ್ನು ಆರಿಸಲೇಬೇಕು. ತಮ್ಮ ಸರದಿ ಬಂತೆಂದರೆ ಮಾತ್ರ ಒಂದು ಜೊತೆ ಚಪ್ಪಲಿ ಕೊಳ್ಳುವುದಕ್ಕೂ ಮೀನಮೇಷ ಎಣಿಸುವ ಪೈಕಿ.

ಅವರ ಮನೆಯಲ್ಲಿ ಮೂವರು. ಮೇಷ್ಟ್ರು, ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಡತಿ, ಮತ್ತು ಹೆಂಡತಿಯ ಅಪ್ಪ. ಮಾವನವರು ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ಸ್ಟಿಯರಿಂಗ್ ಬಿಟ್ಟು ಬಹಳ ಕಾಲವಾಗಿದ್ದರೂ ಕಾರಿನ ಹಿಂದಿನ ಸೀಟಿನಲ್ಲಿ ಕೂತಾಗ ಅವರ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತಿತ್ತು.

ಇವರಿಗೆಲ್ಲ ಸೇರಿ ಇದ್ದದ್ದು ಒಂದು ಪುಟ್ಟ ಹ್ಯಾಚ್‌ಬ್ಯಾಕ್ ಕಾರು. ಅದಕ್ಕೂ ವಯಸ್ಸಾಗಿತ್ತು. ಸಣ್ಣ ಗುಂಡಿ ಸಿಕ್ಕರೂ ದಡ್ ಎಂದು ಕೆಳಗೆ ಬಿದ್ದು, ಆಮೇಲೆ ತೊಟ್ಟಿಲಿನ ಹಾಗೆ ತೂಗಾಡುತ್ತ ಹೋಗುತ್ತಿತ್ತು.

"ನನ್ನ ಬಸ್ಸಲ್ಲಿ ಹೀಗೆ ಕುಲುಕಿದ್ರೆ ಜನ ಇಳಿದು ನಡ್ಕೊಂಡು ಹೋಗ್ತಿದ್ರು" ಎಂದು ಮಾವ ಹಿಂದಿನಿಂದ ಹೇಳುತ್ತಿದ್ದರು.

ಮಾಮೂಲಿ ಮೆಕ್ಯಾನಿಕ್ ಕಾರಿನ ಮೂತಿಯನ್ನು ಒಂದು ಸಲ ಅದುಮಿ ಬಿಟ್ಟು, ಕುಲುಕು ತಡೆಯುವ ಶಾಕ್ ಅಬ್ಸಾರ್ಬರ್‌ಗಳು ಸತ್ತುಹೋಗಿವೆ ಎಂದ. ಕಂಪನಿಯದೇ ಹೊಸದು ಹಾಕಿಸಿದರೆ ಸಂಜೆಯೊಳಗೆ ಕೆಲಸ ಮುಗಿಯುತ್ತದೆ ಎಂದೂ ಹೇಳಿದ. ಮುಗಿಯುತ್ತಲೂ ಇತ್ತು. ಆದರೆ ಅಲ್ಲಿಂದ ಮನೆಗೆ ಬರುವಾಗ ಸಿಗ್ನಲ್ಲಿನಲ್ಲಿ ಮೇಷ್ಟ್ರ ಪಕ್ಕಕ್ಕೆ ಇನ್ನೊಂದು ಕಾರು ಬಂದು ನಿಂತಿತು. ಅದೇ ಮಾಡೆಲ್ಲು, ಅದೇ ಬಣ್ಣ. ಆದರೆ ಎರಡು ಬೆರಳಿನಷ್ಟು ತಗ್ಗಾಗಿತ್ತು. ಚಕ್ರಗಳ ಮೇಲೆ ಮೈ ಹದವಾಗಿ ಇಳಿದು ಕೂತು, ಒಳ್ಳೆಯ ದರ್ಜಿಯ ಹತ್ತಿರ ಅಂಗಿ ಹೊಲಿಸಿಕೊಂಡವನ ಹಾಗೆ ಕಾಣುತ್ತಿತ್ತು. ಮೇಷ್ಟ್ರು ತಮ್ಮ ಕಾರಿನ ಮೂತಿ ನೋಡಿದರು. ಪ್ಯಾಂಟು ಗಿಡ್ಡವಾದ ಹುಡುಗ ಕಣಕಾಲು ತೋರಿಸುತ್ತ ನಿಂತ ಹಾಗಿತ್ತು. ಹಸಿರು ದೀಪ ಬಂತು, ಹಿಂದಿನವರು ಹಾರ್ನ್ ಹೊಡೆದರು, ಮೇಷ್ಟ್ರಿಗೆ ಮಾತ್ರ ಕೇಳಿಸಲಿಲ್ಲ.

ಐವತ್ತು ದಾಟಿದ ಮನುಷ್ಯ, ತಲೆಯ ಮೇಲೆ ಕೂದಲಿಗಿಂತ ಬಯಲೇ ಜಾಸ್ತಿ. ಇಂಥವರು ಮನೆಗೆ ಹೋಗಿ, "ಕಾರು ಚೆಂದ ಕಾಣಬೇಕು, ಅದಕ್ಕೆ ತಗ್ಗಿಸಬೇಕು" ಎಂದು ಯಾವ ಬಾಯಲ್ಲಿ ಹೇಳುವುದು? ರಾತ್ರಿ ಊಟವಾದ ಮೇಲೆ, ಹೆಂಡತಿ ತೊಳೆದಿಟ್ಟ ತಟ್ಟೆಗಳನ್ನು ಒರೆಸುತ್ತ ಪೀಠಿಕೆ ಹಾಕಿದರು.

"ಮಾವನ ಬೆನ್ನು ನೋವು ನೋಡೋಕಾಗಲ್ಲ ಕಣೇ."

"ಅಪ್ಪನಿಗೆ ಬೆನ್ನು ನೋವಾ? ಯಾವಾಗಿಂದ?"

"ಈ ಕಾರಲ್ಲಿ ಕೂತ್ರೆ ಯಾರಿಗೆ ಬರಲ್ಲ? ಅಡ್ಜಸ್ಟಬಲ್ ಸಸ್ಪೆನ್ಷನ್ ಅಂತ ಸಿಗುತ್ತಂತೆ. ಬೇಕಾದಾಗ ಮೆತ್ತಗೆ ಮಾಡ್ಕೋಬಹುದು, ಬೇಡದಾಗ ಗಟ್ಟಿ ಮಾಡ್ಕೋಬಹುದು."

"ಅಷ್ಟೇನಾ?"

"ಎತ್ತರಾನೂ… ಒಂಚೂರು ಆಚೀಚೆ ಮಾಡಬಹುದಂತೆ" ಎಂದು ಮೇಷ್ಟ್ರು, ಆಗಲೇ ಒಣಗಿದ್ದ ತಟ್ಟೆಯನ್ನು ಇನ್ನೊಮ್ಮೆ ಒರೆಸಿದರು.

ಹೆಂಡತಿ ಗಂಡನ ಮುಖವನ್ನೊಮ್ಮೆ, ಆ ತಟ್ಟೆಯನ್ನೊಮ್ಮೆ ನೋಡಿ, "ಅಪ್ಪನ ಬೆನ್ನಿಗೆ ಅಂದ್ರೆ ಹಾಕಿಸಿ ಬಿಡಿ" ಎಂದರು. ಧ್ವನಿಯಲ್ಲಿ ನಗು ಇತ್ತೋ ಇಲ್ಲವೋ ಮೇಷ್ಟ್ರಿಗೆ ಗೊತ್ತಾಗಲಿಲ್ಲ.

ಒಪ್ಪಿಗೆ ಸಿಕ್ಕಿದ್ದೇ ತಡ, ಅವರಿಗೆ ಅದೇ ಧ್ಯಾನವಾಯಿತು. ಬೆಳಿಗ್ಗೆ ಹಲ್ಲುಜ್ಜುವಾಗಲೂ ಫೋನಿನಲ್ಲಿ ಸ್ಪ್ರಿಂಗಿನ ವಿಡಿಯೋ. ಬರೀ ಗಿಡ್ಡ ಸ್ಪ್ರಿಂಗು ಹಾಕಿಸಬೇಕೋ, ಎತ್ತರ ಬದಲಾಗುವ ಸೆಟ್ಟೋ, ಎತ್ತರ ಮತ್ತು ಗಡಸು ಎರಡೂ ಬದಲಾಗುವ ಸೆಟ್ಟೋ? ಒಬ್ಬ ಒಂದು ಹೊಗಳಿದರೆ ಇನ್ನೊಬ್ಬ ಅದನ್ನೇ ತೆಗಳುತ್ತಿದ್ದ. ಅಂಗಡಿಗೆ ಹೊರಡುವ ಮುಂಚೆ ಅಳತೆ ಟೇಪು ಹಿಡಿದು ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಜಾಗ ಅಳೆಯುವುದೂ ಶುರುವಾಯಿತು.

ಮಾವ ಬಾಗಿಲ ಮೆಟ್ಟಿಲ ಮೇಲೆ ಕೂತು ಇದನ್ನು ನೋಡುತ್ತಿದ್ದರು. ಒಂದು ದಿನ ತಡೆಯಲಾಗದೆ, "ಏನು ಅಳಿಯಂದಿರೇ, ಚಕ್ರಕ್ಕೆ ಅಂಗಿ ಹೊಲಿಸ್ತೀರಾ?" ಎಂದರು.

"ನಿಮ್ಮ ಬೆನ್ನಿಗೇ ಮಾವ, ಇದೆಲ್ಲ."

"ಹೌದಾ? ಹಾಗಾದ್ರೆ ನನ್ನ ಬೆನ್ನನ್ನೇ ಅಳೀಬಹುದಿತ್ತಲ್ಲ!"

ಇಂಥ ಸಾಮಾನು ಹಾಕುವ ವರ್ಕ್‌ಶಾಪು ಊರಾಚೆಯ ರಸ್ತೆಯಲ್ಲಿತ್ತು. ಅದನ್ನು ನಡೆಸುತ್ತಿದ್ದವರನ್ನು ಎಲ್ಲರೂ ಸ್ಪ್ರಿಂಗ್ ಅಕ್ಕ ಎನ್ನುತ್ತಿದ್ದರು. ಗೋಡೆ ತುಂಬ ಕೆಂಪು, ನೀಲಿ, ಹಳದಿ ಸ್ಪ್ರಿಂಗುಗಳು ಒಡವೆ ಅಂಗಡಿಯ ಬಳೆಗಳ ಹಾಗೆ ನೇತಾಡುತ್ತಿದ್ದವು. ಮೇಷ್ಟ್ರು ಒಳಗೆ ಕಾಲಿಟ್ಟ ಕೂಡಲೇ, ಜಾಕಿನ ಮೇಲಿದ್ದ ಕಾರಿನ ಕೆಳಗಿಂದ ಅಕ್ಕ ಎದ್ದು ಬಂದು, ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು ನೋಡಿದರು. ಆ ಕನ್ನಡಕ ಮೇಷ್ಟ್ರೇ ಕೊಟ್ಟದ್ದು.

"ಅರೆ, ನೀವಾ ಸರ್! ಆವತ್ತು ಆ ಕತ್ತಲೆ ಕೋಣೇಲಿ ಕೂರಿಸ್ಕೊಂಡು ಮೊದಲನೇದಾ ಎರಡನೇದಾ ಅಂತ ಜೀವ ತಿಂದ್ರಲ್ಲ. ಬನ್ನಿ ಬನ್ನಿ, ಇವತ್ತು ನನ್ನ ಸರದಿ."

ಹೇಳಿದಂತೆಯೇ ಮಾಡಿದರು. ತಮ್ಮ ಸ್ವಂತ ಕಾರಿನಲ್ಲಿ ಮೇಷ್ಟ್ರನ್ನು ಕೂರಿಸಿಕೊಂಡು, ವರ್ಕ್‌ಶಾಪಿನ ಹಿಂದಿದ್ದ ಕಿತ್ತುಹೋದ ರಸ್ತೆಯಲ್ಲಿ ಓಡಿಸಿದರು. ಕೊನೆಯಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ, ಶಾಕ್ ಅಬ್ಸಾರ್ಬರ್ ತಲೆಯ ಮೇಲಿದ್ದ, ಗಡಸು ಬದಲಿಸುವ ಪುಟ್ಟ ಗುಂಡಿಯನ್ನು ಟಿಕ್ ಟಿಕ್ ಎಂದು ತಿರುಗಿಸಿ, ಹಿಂದಿನ ಚಕ್ರಗಳ ಹತ್ತಿರವೂ ಹಾಗೇ ಮಾಡಿ, ಅದೇ ರಸ್ತೆಯಲ್ಲಿ ವಾಪಸು ಬಂದರು.

"ಹೇಳಿ ಸರ್. ಮೊದಲನೇದಾ, ಎರಡನೇದಾ?"

ಮೇಷ್ಟ್ರು ತಲೆ ಕೆರೆದುಕೊಂಡರು. ಮೊದಲನೆಯದರಲ್ಲಿ ಕಾರು ದೋಣಿಯಂತೆ ತೇಲಿತ್ತು, ರಸ್ತೆಯ ಹಳ್ಳ ಗೊತ್ತಾಗಿರಲಿಲ್ಲ, ಆದರೆ ತಿರುವಿನಲ್ಲಿ ವಾಲಾಡಿತ್ತು. ಎರಡನೆಯದರಲ್ಲಿ ಪ್ರತಿ ಕಲ್ಲೂ ಬೆನ್ನಿಗೆ ಬಂದು ಹೆಸರು ಹೇಳಿ ಹೋಗಿತ್ತು, ತಿರುವಿನಲ್ಲಿ ಮಾತ್ರ ನೆಲಕ್ಕೆ ಅಂಟಿಕೊಂಡಂತೆ ಹೋಗಿತ್ತು.

"ಇನ್ನೊಂದ್ಸಲ ತೋರಿಸ್ತೀರಾ?"

"ಅವಸರ ಬೇಡ, ಇನ್ನೊಂದ್ಸಲ ನೋಡಿ" ಎಂದು ಅಕ್ಕ ಮೇಷ್ಟ್ರ ಧಾಟಿಯಲ್ಲೇ ಹೇಳಿ, ತಮ್ಮಷ್ಟಕ್ಕೆ ನಕ್ಕರು.

ಕೊನೆಗೆ ವರ್ಕ್‌ಶಾಪಿನ ಸ್ಟೂಲಿನ ಮೇಲೆ ಕೂರಿಸಿ ನೇರವಾಗಿ ಕೇಳಿದರು. "ಗಾಡೀಲಿ ಯಾರ್ಯಾರು ಕೂರ್ತೀರಿ?"

"ನಾನು, ನಮ್ಮನೆಯವಳು, ನಮ್ಮ ಮಾವ. ಮುಖ್ಯವಾಗಿ ಮಾವ. ಅವರ ಬೆನ್ನಿಗೆ ಅಂತಾನೇ ಇದನ್ನ ಹಾಕಿಸ್ತಿರೋದು."

"ಹಾಗಾದ್ರೆ ತಲೆಬಿಸಿನೇ ಬೇಡ. ಕಂಪನಿದೇ ಹಾಕಿಸಿ. ಎತ್ತರ ಈಗಿರೋ ಹಾಗೇ ಇರಲಿ."

 ಮೇಷ್ಟ್ರು ಗೋಡೆಯ ಮೇಲಿನ ನೀಲಿ ಸ್ಪ್ರಿಂಗನ್ನೇ ನೋಡುತ್ತ ಕೂತರು. ಆಮೇಲೆ ಯಾರಾದರೂ ಕೇಳಿಸಿಕೊಂಡಾರೇನೋ ಎಂಬಂತೆ ಆಚೀಚೆ ನೋಡಿ, "ಎರಡು ಬೆರಳು ತಗ್ಗಿಸೋಣ ಅಂತ…" ಎಂದರು.

"ಮಾವನ ಬೆನ್ನಿಗಾ?"

"ಇಲ್ಲ. ನೋಡೋಕೆ."

ಅಕ್ಕ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಮನಸಾರೆ ನಕ್ಕರು. "ಇಷ್ಟು ಹೇಳೋಕೆ ನನ್ನ ಪೆಟ್ರೋಲೆಲ್ಲ ಸುಡಬೇಕಿತ್ತಾ ಸರ್? ಬರೀ ಗಿಡ್ಡ ಸ್ಪ್ರಿಂಗು ಬೇಡ, ಅದು ಒಂದ್ಸಲ ಇಳಿದ್ರೆ ಮತ್ತೆ ಏಳಲ್ಲ. ಎತ್ತರ, ಗಡಸು ಎರಡೂ ಬದಲಾಗೋದೇ ತಗೊಳ್ಳಿ. ಮನೇಲಿ ಬೈದ್ರೆ ಮೇಲಕ್ಕೆತ್ತಬಹುದು."

ಬದುಕಿನಲ್ಲಿ ಮೊದಲ ಸಲ ಮೇಷ್ಟ್ರು ಒಂದೇ ಮಾತಿಗೆ ಒಪ್ಪಿದರು.

ಕಾರು ಸಿದ್ಧವಾದ ದಿನ ಅದನ್ನು ಬೀದಿಗೆ ತರುವಾಗ ಅವರ ಎದೆ ಹಿಗ್ಗಿತ್ತು. ಅಂಗಡಿಗಳ ಗಾಜಿನಲ್ಲಿ ತಮ್ಮ ಕಾರಿನ ಬಿಂಬ ನೋಡುತ್ತ, ಬೇಕೆಂದೇ ನಿಧಾನವಾಗಿ ಬಂದರು. ಬೀದಿಯ ಬಾಯಲ್ಲಿದ್ದ ಹಂಪಿನ ಮೇಲೆ ಕಾರಿನ ಹೊಟ್ಟೆ ಕರ್ರೆಂದು ಉಜ್ಜಿತು. ಮೇಷ್ಟ್ರು ಕಣ್ಣು ಮುಚ್ಚಿ ತೆರೆದು, ಏನೂ ಆಗಿಲ್ಲವೆಂದು ತಮಗೆ ತಾವೇ ಹೇಳಿಕೊಂಡರು.

ಮಾವನನ್ನು ಒಂದು ಸುತ್ತು ಕರೆದೊಯ್ಯುವುದಾಯಿತು. ಹತ್ತುವಾಗ ಅವರು ಸೀಟು ಇರುತ್ತದೆಂದುಕೊಂಡ ಕಡೆ ಅದು ಇರಲಿಲ್ಲ, ಇನ್ನೂ ಕೆಳಗಿತ್ತು. ದೊಪ್ಪನೆ ಕೂತರು. ಸುತ್ತು ಮುಗಿಸಿ ಮನೆಯ ಮುಂದೆ ನಿಂತಾಗ ಏಳಲು ನೋಡಿದರು, ಆಗಲಿಲ್ಲ. ಇನ್ನೊಮ್ಮೆ ನೋಡಿದರು, ಮಂಡಿ ಬಾಯಿಗೆ ಬಂತೇ ಹೊರತು ಮೈ ಮೇಲಕ್ಕೆ ಬರಲಿಲ್ಲ. ಮೇಷ್ಟ್ರು ಒಂದು ಕೈ, ಹೆಂಡತಿ ಒಂದು ಕೈ ಹಿಡಿದು ಎಳೆದರು. ಎದುರುಮನೆಯವರು ಗೇಟಿಗೆ ಬಂದು ನಿಂತರು.

"ಬೆನ್ನಿಗೆ ಬಹಳ ಹಿತವಾಗಿದೆ" ಎಂದರು ಮಾವ, ಅರ್ಧ ಒಳಗೆ ಅರ್ಧ ಹೊರಗೆ. "ಎಷ್ಟು ಹಿತ ಅಂದ್ರೆ, ಇಳಿಯೋಕೇ ಮನಸ್ಸು ಬರ್ತಿಲ್ಲ."

 ಹೆಂಡತಿ ಬಗ್ಗಿ ಚಕ್ರ ನೋಡಿದರು, ಮಡ್‌ಗಾರ್ಡು ನೋಡಿದರು, ಎದ್ದು ಗಂಡನ ಮುಖ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೇಷ್ಟ್ರ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಸಂಜೆ ಅವರು ಜಾಕು ಕೊಟ್ಟು, ಚಕ್ರ ಬಿಚ್ಚಿ, ಅಕ್ಕ ಕೊಟ್ಟಿದ್ದ ಕೊಕ್ಕೆಯಂಥ ಸ್ಪ್ಯಾನರಿನಿಂದ ಸ್ಪ್ರಿಂಗಿನ ಕೆಳಗಿನ ಉಂಗುರ ತಿರುಗಿಸತೊಡಗಿದರು. ಮಾವ ಮೆಟ್ಟಿಲಿನಿಂದ ಇಳಿದು ಬಂದು ಪಕ್ಕದಲ್ಲಿ ನಿಂತರು.

"ಏನು ಮಾಡ್ತಿದ್ದೀರಿ?"

"ಮೇಲಕ್ಕೆತ್ತುತ್ತಿದ್ದೀನಿ ಮಾವ. ನಿಮ್ಮ ಬೆನ್ನಿಗೆ ಅಂತ ಹೇಳಿದ್ದು ಸುಳ್ಳು. ಚೆಂದ ಕಾಣಲಿ ಅಂತ ಹಾಕಿಸಿದೆ."

"ಗೊತ್ತಿತ್ತು ಬಿಡಿ. ನನಗೆ ಬೆನ್ನು ನೋವೇ ಇಲ್ವಲ್ಲ" ಎಂದು ಮಾವ ಬಾನೆಟ್ಟಿಗೆ ಒರಗಿ ನಿಂತರು. "ನಾನು ಬಸ್ಸಿನ ಗೇರ್ ಕಡ್ಡಿ ತುದಿಗೆ ಒಂದು ಗಾಜಿನ ಗುಂಡು ಹಾಕಿಸಿದ್ದೆ. ಒಳಗೆ ಕೆಂಪು ಹೂವು. ಡಿಪೋದಲ್ಲಿ ಸಾಹೇಬರು ಕೇಳಿದ್ರು, ಇದರಿಂದ ಬಸ್ಸು ಜೋರಾಗಿ ಓಡುತ್ತೇನಯ್ಯಾ ಅಂತ. ಬಸ್ಸು ಓಡಲ್ಲ ಸಾರ್, ನಾನು ಓಡ್ತೀನಿ ಅಂದೆ."

ಮೇಷ್ಟ್ರು ಸ್ಪ್ಯಾನರ್ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನಕ್ಕರು.

"ಪೂರ್ತಿ ಎತ್ತಬೇಡಿ. ಅರ್ಧ ಎತ್ತಿ" ಎಂದರು ಮಾವ. "ನಾನು ಮುಂದಿನ ಸೀಟಲ್ಲಿ ಒಂದು ದಿಂಬು ಹಾಕ್ಕೊಂಡು ಕೂರ್ತೀನಿ. ನೋಡೋಕೆ ಚೆನ್ನಾಗಿಯೇ ಇದೆ."

ಅರ್ಧ ಎತ್ತಿದರು. ಅಕ್ಕನ ಹತ್ತಿರ ಹೋಗಿ ಚಕ್ರಗಳ ಅಲೈನ್‌ಮೆಂಟನ್ನೂ ಮತ್ತೆ ಸರಿ ಮಾಡಿಸಿದರು. ಈ ಗಲಾಟೆಯಲ್ಲಿ ತಗ್ಗಿಸುವಾಗ ಅಕ್ಕ ಪೂರ್ತಿ ಬಿಗಿ ಮಾಡಿದ್ದ ಗಡಸಿನ ಗುಂಡಿ ಹಾಗೇ ಉಳಿದಿದ್ದನ್ನು ಮಾತ್ರ ಮರೆತರು. ಅದು ನೆನಪಾದದ್ದು ಮಾರನೆಯ ದಿನ ಮಧ್ಯಾಹ್ನ, ಒಬ್ಬರ ಕಣ್ಣ ಮುಂದೆ ಗಾಜು ಹಿಡಿದಿದ್ದಾಗ. ಕಾರು ತೆಗೆದುಕೊಂಡು ಹೋಗಿದ್ದು ಹೆಂಡತಿ! ದಾರಿಯ ಒಂದೊಂದು ಕಲ್ಲೂ ಆಕೆಯ ಸೊಂಟಕ್ಕೆ ಬಡಿದಿರುತ್ತದೆ. ಮೇಷ್ಟ್ರು ಕೇಳಬೇಕಾದ ಪ್ರಶ್ನೆಯನ್ನೇ ಮರೆತರು.

"ಮೊದಲನೇದಾ, ಎರಡನೇದಾ ಸಾರ್?" ಎಂದು ಕುರ್ಚಿಯಲ್ಲಿ ಕೂತವರೇ ಕೇಳಬೇಕಾಯಿತು.

ಆ ಸಂಜೆ ಹೆಂಡತಿ ಮನೆಗೆ ಬಂದದ್ದು ತಡವಾಗಿ. ಮೇಷ್ಟ್ರು ಬಾಗಿಲಲ್ಲೇ ಕಾದು, ಉರುಹೊಡೆದುಕೊಂಡಿದ್ದನ್ನು ಒಪ್ಪಿಸತೊಡಗಿದರು. "ತಪ್ಪಾಯ್ತು ಕಣೇ, ಮರೆತುಬಿಟ್ಟೆ, ಈಗಲೇ ಮೆತ್ತಗೆ ಮಾಡ್ತೀನಿ…"

"ಅದನ್ನ ಮುಟ್ಟಿದ್ರೆ ನೋಡಿ!"

"ಏನು?"

"ಹಾಗೇ ಇರಲಿ ಅಂದೆ." ಆಕೆಯ ಕೆನ್ನೆ ಕೆಂಪಾಗಿತ್ತು, ಮುಡಿ ಬಿಚ್ಚಿಹೋಗಿತ್ತು. ದಿನವಿಡೀ ಗ್ರಂಥಾಲಯದಲ್ಲಿ ಸದ್ದು ಮಾಡಬೇಡಿ ಎಂದು ಪಿಸುಗುಟ್ಟುವ ಹೆಂಗಸು ಈಗ ಜೋರಾಗಿಯೇ ಮಾತಾಡುತ್ತಿದ್ದರು. "ಹೊಳೆ ಪಕ್ಕದ ರಸ್ತೇಲಿ ಸುತ್ತಿಕೊಂಡು ಬಂದೆ. ಎರಡು ಸಲ. ತಿರುವಲ್ಲಿ ಎಷ್ಟು ಚೆನ್ನಾಗಿ ಹೋಗುತ್ತೆ ರೀ! ಇಷ್ಟು ದಿನ ಯಾಕೆ ಹಾಕಿಸಿರಲಿಲ್ಲ?"

 ಒಳಗಿನಿಂದ ಮಾವನ ಧ್ವನಿ ಬಂತು. "ಯಾರ ಮಗಳು ಅಂದ್ಕೊಂಡ್ರಿ?"

ಮುಂದಿನ ರಜೆಯ ದಿನ ಮೂವರೂ ಹೊಳೆ ರಸ್ತೆಗೆ ಹೊರಟರು. ಸ್ಟಿಯರಿಂಗ್ ಹೆಂಡತಿಯ ಕೈಯಲ್ಲಿ. ಪಕ್ಕದಲ್ಲಿ ದಿಂಬಿನ ಮೇಲೆ ಮಾವ. ಹಿಂದೆ ಮೇಷ್ಟ್ರು, ಕಿಟಕಿಯ ಮೇಲಿನ ಹಿಡಿಯನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು. "ಈಗ ಗೇರ್ ಇಳಿಸು, ಹಾಂ, ಈಗ ಒತ್ತು" ಎಂದು ಅಪ್ಪ ಹೇಳುತ್ತಿದ್ದರು, ಮಗಳು ಹಾಗೇ ಮಾಡುತ್ತಿದ್ದರು. ನಾಲ್ಕಾರು ತಿರುವು ಕಳೆಯುವಷ್ಟರಲ್ಲಿ ಮೇಷ್ಟ್ರಿಗೆ ಒಂದು ವಿಷಯ ಹೊಳೆಯಿತು. ಕಾರು ಚೆಂದ ಕಾಣಲಿ ಎಂದು ಇಷ್ಟೆಲ್ಲ ಮಾಡಿಸಿದ್ದಾಯಿತು. ಆದರೆ ಒಳಗೆ ಕೂತವರಿಗೆ ಅದು ಕಾಣುವುದಾದರೂ ಹೇಗೆ?

"ಸ್ವಲ್ಪ ನಿಲ್ಲಿಸೇ. ನಾನು ಇಳಿದು ಇಲ್ಲೇ ನಿಂತಿರ್ತೀನಿ. ನೀವು ಒಂದ್ಸಲ ಹೋಗಿ ಬನ್ನಿ, ನೋಡಬೇಕು."

ರಸ್ತೆಯ ಪಕ್ಕದ ತಡೆಗೋಡೆಯ ಮೇಲೆ ಕೂತು ಕಾದರು. ದೂರದ ತಿರುವಿನಲ್ಲಿ ಕಾರು ಕಾಣಿಸಿಕೊಂಡಿತು. ನೆಲಕ್ಕೆ ಮೈಯೊಡ್ಡಿ, ಸ್ವಲ್ಪವೂ ವಾಲದೆ, ಗೆರೆ ಎಳೆದಂತೆ ಬಂತು. ಮೇಷ್ಟ್ರು ಎದ್ದು ನಿಂತರು. ಇಷ್ಟು ಚೆಂದದ ಕಾರು ತಮ್ಮದೇ ಎಂದು ನಂಬಲಾಗದೆ ಕೈ ಎತ್ತಿದರು. ಕಾರು ನಿಲ್ಲಲಿಲ್ಲ. ಮಾವ ಕಿಟಕಿಯಿಂದ ಕೈ ಬೀಸಿದರು, ಹೆಂಡತಿ ಒಮ್ಮೆ ಹಾರ್ನ್ ಹೊಡೆದರು, ಮತ್ತೆ ಕಾರು ಇನ್ನೊಂದು ಕಡೆಯ ತಿರುವಿನಲ್ಲಿ ಮರೆಯಾಯಿತು. ಸ್ವಲ್ಪ ಹೊತ್ತಿನಲ್ಲಿ ಅತ್ತಲಿಂದ ತಿರುಗಿ ಬಂದು, ಮೇಷ್ಟ್ರನ್ನು ದಾಟಿ, ಮತ್ತೆ ಹೋಯಿತು.

ತಮ್ಮನ್ನು ಹತ್ತಿಸಿಕೊಳ್ಳುವುದನ್ನೇ ಅಪ್ಪ ಮಗಳಿಬ್ಬರೂ ಮರೆತಿದ್ದಾರೆಂದು ಅವರಿಗೆ ಖಾತ್ರಿಯಾಯಿತು. ಬೇಜಾರೇನೂ ಆಗಲಿಲ್ಲ. ತಡೆಗೋಡೆಯ ಮೇಲೆ ಕಾಲು ಚಾಚಿ ಆರಾಮಾಗಿ ಕೂತು, ಮುಂದಿನ ಸುತ್ತಿಗೆ ಕಾದರು.