ಗುಂಡಿಯಮ್ಮ ಹತ್ತಿದ ಮೆಟ್ಟಿಲು

"ಮಂದಿ ಮಕ್ಕಳು ಬೀಳ್ಲಿ ಅಂತ ಗುಂಡಿ ತೋಡ್ತಾಳಪ್ಪ ಇವಳು!" ಎಂದು ನೆರೆಹೊರೆಯವರು ನಗುತ್ತಿದ್ದರು. ಡೈವಿಂಗ್ ಸ್ಪರ್ಧೆಯ ಕೊಳಗಳ ನಕ್ಷೆ ಬರೆಯುವುದು ಅವಳ ಕಸುಬು. ಹಾಗಾಗಿ ಬೀದಿಗೆಲ್ಲ ಅವಳು ಗುಂಡಿಯಮ್ಮ. ಹಾಗೆ ಕರೆದರೂ ಓಗೊಡುತ್ತಿದ್ದಳು. ಆದರೆ ಕುರ್ಚಿ ಹತ್ತಿ ಬಲ್ಬು ಹಾಕಲು ಪಕ್ಕದ ಮನೆಯವರೇ ಬರಬೇಕು. ಎತ್ತರವೆಂದರೆ ಅಷ್ಟು ಭಯ. ಮನೆಯ ಮುಂದಿನ ಮೂರು ಮೆಟ್ಟಿಲನ್ನೂ ಕಂಬಿ ಹಿಡಿದೇ ಇಳಿಯುತ್ತಿದ್ದಳು.

ಅವಳೇ ನಕ್ಷೆ ಬರೆದ ಊರಿನ ಹೊಸ ಕೊಳ ಸಿದ್ಧವಾಯಿತು. ಹತ್ತು ಮೀಟರ್ ಎತ್ತರದ ಅಟ್ಟಣೆಯಿಂದ ಮೊದಲು ಹಾರಬೇಕಾದವಳು ಗುಂಡಿಯಮ್ಮನೇ ಸಾಕಿದ ಅಣ್ಣನ ಮಗಳು. ಉದ್ಘಾಟನೆಯ ಹಿಂದಿನ ದಿನ ಹುಡುಗಿ ಮೇಲಿನಿಂದ ಇಣುಕಿದವಳು ಹಾರದೆ ಇಳಿದು ಬಂದಳು.

"ಅತ್ತೆ, ನೀರೇ ಕಾಣ್ತಿಲ್ಲ. ತಳದ ಟೈಲ್ಸ್ ಅಷ್ಟೇ ಕಾಣುತ್ತೆ."

ಗುಂಡಿಯಮ್ಮ ಕೊಳದ ಅಂಚಿಗೆ ಓಡಿದಳು. ಅಂದಾಜು ತಪ್ಪಿ ಬಿದ್ದರೆ ನೀರೂ ಕಲ್ಲೇ. ಅದಕ್ಕೆಂದೇ ನೀರಿನ ಮೇಲೆ ಸದಾ ಹನಿ ಚಿಮ್ಮಿಸುವ ಕೊಳವೆ ಇಡಿಸಿದ್ದಳು. ಸಣ್ಣ ಅಲೆ ಎದ್ದರೆ ಹಾರುವವರ ಕಣ್ಣಿಗೆ ನೀರಿನ ಮಟ್ಟ ಸಿಗುತ್ತದೆ. ಅದರ ನಲ್ಲಿ ಬಂದಾಗಿತ್ತು.

"ನಾನೇ ನಿಲ್ಸಿದ್ದು," ಎಂದ ಕೊಳದ ಮ್ಯಾನೇಜರ್. "ನಾಳೆ ದೊಡ್ಡೋರು ಬರ್ತಾರೆ, ಫೋಟೋ ತೆಗೀತಾರೆ. ನೀರು ಕನ್ನಡಿ ಥರ ಇರ್ಬೇಕಮ್ಮ. ಹನಿ ಉದುರ್ತಿದ್ರೆ ಪೈಪ್ ಒಡೆದಿದೆ ಅಂತಾರೆ."

"ಹಾಗಾದ್ರೆ ಮೇಲೆ ಹೋಗಿ, ನೀರು ಎಲ್ಲಿದೆ ತೋರ್ಸಿ."

"ನೀವು ಬಂದ್ರೆ ನಾನೂ ಬರ್ತೀನಿ," ಎಂದು ಅವನು ಮೀಸೆಯಡಿ ನಕ್ಕ. ಅವಳ ಪುಕ್ಕಲುತನ ಅವನಿಗೂ ಗೊತ್ತಿತ್ತು.

ಗುಂಡಿಯಮ್ಮ ಚಪ್ಪಲಿ ಕಳಚಿದಳು. ತಾನೇ ಬರೆದ ಮೆಟ್ಟಿಲು, ತಾನೇ ಅಳೆದ ಕಂಬಿ. ಕೂಸು ತಾಯಿಯನ್ನು ತಬ್ಬುವಂತೆ ಕಂಬಿಯನ್ನು ತಬ್ಬಿ ಒಂದೊಂದೇ ಹತ್ತಿದಳು. ಬೇರೆ ದಾರಿಯಿಲ್ಲದೆ ಮ್ಯಾನೇಜರ್ ಹಿಂದೆ ಬಂದ. ತುದಿಯಿಂದ ಇಬ್ಬರೂ ಇಣುಕಿದರು. ಕೆಳಗೆ ನೀರಿಲ್ಲ, ಬರೀ ನೀಲಿ ಟೈಲ್ಸಿನ ಪಾತಾಳ.

ಮ್ಯಾನೇಜರ್ ಅಲ್ಲೇ ಕುಕ್ಕರಿಸಿಬಿಟ್ಟ. "ಅಮ್ಮಾ, ನನ್ನ ಕೆಳಗಿಳ್ಸಿ!"

"ಮೊದಲು ನಲ್ಲಿ."

"ಬಿಡ್ಸಿ, ಬಿಡ್ಸಿ! ಜನ್ಮದಲ್ಲಿ ಅದನ್ನ ಮುಟ್ಟಲ್ಲ!"

ಕೆಳಗಿದ್ದ ಹುಡುಗಿ ನಲ್ಲಿ ತಿರುಗಿಸಿದಳು. ಹನಿ ಬಿದ್ದದ್ದೇ ತಡ, ಪಾತಾಳದ ಮೇಲೆ ಥಳಥಳನೆ ನೀರು ಹಾಸಿಕೊಂಡಿತು. ಸಂಜೆಯೊಳಗೆ ಹುಡುಗಿ ಹಾರಿಯೂಬಿಟ್ಟಳು, ಬಟ್ಟೆಗೆ ಸೂಜಿ ಇಳಿದ ಹಾಗೆ.

ವರ್ಷಗಳುರುಳಿ ಆ ಹುಡುಗಿ ಅದೇ ಕೊಳಕ್ಕೆ ಕೋಚ್ ಆದಳು. ಎದುರಿಗೇ ಮನೆ ಹಿಡಿದು, "ಬಾ ಅತ್ತೆ, ನನ್ ಜೊತೆ ಇರು," ಎಂದು ಹಟ ಹಿಡಿದಳು. ಗುಂಡಿಯಮ್ಮ ನಕ್ಷೆಯ ಮೇಜನ್ನು ಪಕ್ಕದ ಮನೆಗೆ ಕೊಟ್ಟು, ಬಾಗಿಲಿಗೆ ಬೀಗ ಹಾಕಿದಳು.

"ಏನಮ್ಮ, ಗುಂಡಿ ತೋಡೋದು ಮುಗೀತಾ?" ಪಕ್ಕದ ಮನೆಯಾಕೆ ಕಣ್ಣೊರೆಸಿಕೊಳ್ಳುತ್ತಲೇ ಕೆಣಕಿದಳು.

"ಮುಗೀತು ಕಣೇ. ಇನ್ನು ಕಿಟಕೀಲಿ ಕೂತು ಬೀಳೋರನ್ನ ನೋಡ್ತೀನಿ. ಆ ನಲ್ಲಿ ಮೇಲೂ ಒಂದು ಕಣ್ಣಿಟ್ಟಿರ್ತೀನಿ."

ಮೂರು ಮೆಟ್ಟಿಲನ್ನೂ ಕಂಬಿ ಹಿಡಿಯದೆ ಇಳಿದು ಹೋದಳು.