ಪೂಜೆಗೆ ಕೂರದ ಸ್ಟಿಕ್

ನಮ್ಮ ಮೊಮ್ಮಗಳು ಗಾಲ್ಫ್ ಆಡುತ್ತಾಳೆ. ಹೊತ್ತು ಕಳೆಯುವುದಕ್ಕಲ್ಲ, ಅದೇ ಅವಳ ಕೆಲಸ. ಬೇರೆಯವರ ಮನೆಯ ಹುಡುಗಿಯರು ಬ್ಯಾಂಕಿಗೋ ಆಫೀಸಿಗೋ ಹೋಗುವ ಹಾಗೆ ಇವಳು ಬ್ಯಾಗು ಹೊತ್ತು ಮೈದಾನಕ್ಕೆ ಹೋಗುತ್ತಾಳೆ. ನಾನು ಕಲಿತದ್ದು ಮೂರನೇ ಇಯತ್ತೆ. ಆದರೂ ಇದನ್ನು ಬರೆಯದೆ ಇರಲು ಆಗುತ್ತಿಲ್ಲ. ಹೇಳಿ ಹೇಳಿ ನಮ್ಮ ಬಿಲ್ಡಿಂಗಿನವರಿಗೆಲ್ಲ ಸಾಕಾಗಿದೆ, ಇನ್ನು ಬರೆದಾದರೂ ಹಗುರಾಗುತ್ತೇನೆ.

ಘಾಟ್ಕೋಪರಿನ ನಮ್ಮ ಮನೆಯಲ್ಲಿ ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ಫ್ರಿಜ್ಜಿಗೂ ಕಪಾಟಿಗೂ ನಡುವೆ ಆ ಬ್ಯಾಗು ನಿಂತಿರುತ್ತದೆ, ಬಂದು ತಿರುಗಿ ಹೋಗುವುದನ್ನೇ ಮರೆತ ಬೀಗರ ಹಾಗೆ. ಕಸ ಗುಡಿಸುವಾಗ ಅದನ್ನು ಅಪ್ಪಿಕೊಂಡು ಪಕ್ಕಕ್ಕೆ ಸರಿಸಬೇಕು. ಮೊದಲು ಬೈಯುತ್ತಿದ್ದೆ, ಈಗ ಮಾತಾಡಿಸಿಯೇ ಸರಿಸುತ್ತೇನೆ.

ಈ ಆಟ ನಮ್ಮ ಮನೆಗೆ ಬಂದದ್ದು ಮಗನಿಂದ. ಅವನು ಗಾಲ್ಫ್ ಮೈದಾನವೊಂದರಲ್ಲಿ ಹುಲ್ಲು ಕತ್ತರಿಸುವ ಮಷಿನ್ ಓಡಿಸುತ್ತಾನೆ. ಮಗಳು ಚಿಕ್ಕವಳಿದ್ದಾಗ ಶಾಲೆಗೆ ರಜೆ ಇದ್ದ ದಿನ ಜೊತೆಗೆ ಕರೆದೊಯ್ಯುತ್ತಿದ್ದ. ಯಾರೋ ಬಿಟ್ಟುಹೋಗಿದ್ದ ಮೋಟು ಸ್ಟಿಕ್ಕಿನಿಂದ ಅವಳು ಚೆಂಡು ಹೊಡೆಯುವುದನ್ನು ಅಲ್ಲಿ ಆಟ ಕಲಿಸುವ ಸರ್ ನೋಡಿದರು. ‘ಇವಳನ್ನು ನನ್ನ ಹತ್ತಿರ ಬಿಡು’ ಎಂದರು. ಇವತ್ತಿಗೂ ಅವಳಿಗೆ ಕಲಿಸುವವರು ಅವರೇ. ಪಂದ್ಯ ಇದ್ದಾಗ ಮಗ ರಜೆ ಹಾಕಿ ಅವಳ ಬ್ಯಾಗು ಹೊರುತ್ತಾನೆ.

ಮೊದಮೊದಲು ನಾನು ತಿಳಿದದ್ದೇನೆಂದರೆ, ಒಂದು ಗಟ್ಟಿಮುಟ್ಟಾದ ಸ್ಟಿಕ್ ಇದ್ದರೆ ಸಾಕು, ಬೀಸಿ ಬೀಸಿ ಹೊಡೆಯುವುದು ಅಂತ. ಹಾಗಲ್ಲವೇ ಅಲ್ಲ. ಬ್ಯಾಗಿನಲ್ಲಿ ಹದಿನಾಲ್ಕರ ತನಕ ಇಟ್ಟುಕೊಳ್ಳಬಹುದು, ಅದಕ್ಕಿಂತ ಒಂದು ಹೆಚ್ಚಾದರೂ ದಂಡ. ಅಂಗಡಿಯಲ್ಲಿ ಇರುವ ನಮೂನೆಗಳೋ ಲೆಕ್ಕವಿಲ್ಲದಷ್ಟು. ಹಾಗಾಗಿ ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು ಎನ್ನುವುದೇ ಒಂದು ದೊಡ್ಡ ಕೆಲಸ. ಪ್ರತಿ ಪಂದ್ಯಕ್ಕೆ ಮೊದಲು ಅವಳು ಎಲ್ಲವನ್ನೂ ಮಂಚದ ಮೇಲೆ ಸಾಲಾಗಿ ಮಲಗಿಸಿ ಅದರ ಮುಂದೆ ಕೂರುತ್ತಾಳೆ. ನಾನು ಬೆಳ್ಳುಳ್ಳಿ ಸುಲಿಯುತ್ತ ಪಕ್ಕದಲ್ಲಿ ಕೂರುತ್ತೇನೆ.

“ಎಲ್ಲಾಕ್ಕಿಂತ ದೂರ ಹೋಗೋದು ಯಾವುದು?” ಎಂದು ಒಮ್ಮೆ ಕೇಳಿದೆ.

“ಇದು ಆಯಿ. ಡ್ರೈವರ್.” ತಲೆ ತೆಂಗಿನಕಾಯಿಯಷ್ಟು ದಪ್ಪಗಿದ್ದ ಒಂದನ್ನು ತೋರಿಸಿದಳು.

“ಹಂಗಾರ ಅಂಥಾವೇ ನಾಕೈದು ಇಟ್ಕೋಬಾರದೇನ? ಬಾಕಿ ಇವೆಲ್ಲ ಯಾಕ?”

“ಅರೇ ಆಯಿ! ಚೆಂಡು ಹತ್ತಿರ ಬಿದ್ರ ಏನ್ ಮಾಡ್ಲಿ? ನೀನು ದೊಡ್ಡ ಸೌಟಿನಿಂದ ತುಪ್ಪ ಹಾಕ್ತಿ ಕ್ಯಾ?”

ಆ ಮಾತು ನನಗೆ ತಟ್ಟನೆ ತಿಳಿಯಿತು. ನಾನು ಗ್ರಾಂಟ್ ರೋಡಿನ ಖಾನಾವಳಿಯಲ್ಲಿ ಬಹಳ ವರ್ಷ ರೊಟ್ಟಿ ಬಡಿದವಳು. ಸಾರಿಗೊಂದು ಸೌಟು, ಪಲ್ಯಕ್ಕೊಂದು, ತುಪ್ಪಕ್ಕೊಂದು ಚಮಚ. ಅವಳದ್ದೂ ಹಾಗೆಯೇ. ದಪ್ಪ ತಲೆಯವು ಚೆಂಡನ್ನು ದೂರ ಒಯ್ಯುತ್ತವೆ. ತೆಳ್ಳಗಿನ ಕಬ್ಬಿಣದವು ಅದಕ್ಕಿಂತ ಕಡಿಮೆ, ಅವುಗಳಲ್ಲೂ ಒಂದೊಂದಕ್ಕೆ ಒಂದೊಂದು ದೂರ. ಮುಖ ಮೇಲಕ್ಕೆತ್ತಿಕೊಂಡವು ಕೆಲವು ಇವೆ, ಅವು ಚೆಂಡನ್ನು ಎತ್ತರಕ್ಕೆ ಹಾರಿಸಿ, ಅದು ಬೀಳಬೇಕಾದ ಕುಣಿಯ ಹತ್ತಿರ ಮೆಲ್ಲಗೆ ಇಳಿಸುತ್ತವೆ. ಕೊನೆಯದು ನೆಲದ ಮೇಲೆ ಉರುಳಿಸಿ ಕುಣಿಗೆ ಹಾಕುವುದು. ಯಾವ ಸ್ಟಿಕ್ಕಿನಿಂದ ಎಷ್ಟು ದೂರ ಹೋಗುತ್ತದೆ ಎಂದು ಹೊಡೆದು ಹೊಡೆದು ನೋಡಿಟ್ಟಿರುತ್ತಾಳೆ. ಒಂದಕ್ಕೂ ಅದರ ಮುಂದಿನದಕ್ಕೂ ನಡುವೆ ಬಹಳ ಅಂತರ ಬಿದ್ದರೆ, ಚೆಂಡು ಆ ಅಂತರದಲ್ಲಿ ಸಿಕ್ಕಾಗ ಕೈಯಲ್ಲಿ ಏನೂ ಇಲ್ಲದ ಹಾಗೆ ಆಗುತ್ತದಂತೆ. ಅದರ ಮೇಲೆ ಗಾಳಿ ಹೇಗಿದೆ, ಹುಲ್ಲು ಎಷ್ಟು ಬೆಳೆದಿದೆ, ನೆಲ ಗಟ್ಟಿಯೋ ಮೆತ್ತಗೋ, ಇಷ್ಟೆಲ್ಲ ನೋಡಬೇಕು. ಹೆಣ್ಣು ನೋಡಲು ಹೋದವರೂ ಇಷ್ಟು ವಿಚಾರ ಮಾಡುವುದಿಲ್ಲ.

ಹೋದ ದಸರೆಯ ಹೊತ್ತಿಗೆ ಈ ವಿಚಾರ ಬಹಳ ಬಿಗಿಯಾಗಿತ್ತು. ವರ್ಷದ ಕೊನೆಯ ಪಂದ್ಯ ಮುಂಬೈಯಲ್ಲೇ ಇತ್ತು. ವರ್ಷವಿಡೀ ಚೆನ್ನಾಗಿ ಆಡಿದವರಿಗೆ ಮಾತ್ರ ಮುಂದಿನ ವರ್ಷ ಆಡಲು ಕಾರ್ಡ್ ಸಿಗುತ್ತದೆ. ನಮ್ಮವಳು ಆ ಗೆರೆಗಿಂತ ಸ್ವಲ್ಪವೇ ಕೆಳಗಿದ್ದಳು. ಈ ಪಂದ್ಯದಲ್ಲಿ ಮೊದಲ ಹತ್ತರೊಳಗೆ ಬಂದರೆ ಗೆರೆ ದಾಟುತ್ತಾಳೆ, ಇಲ್ಲವಾದರೆ ಇಲ್ಲ. ದಾಟದಿದ್ದರೆ ಗೋರೆಗಾಂವ್ ಕಡೆ ಮಕ್ಕಳಿಗೆ ಆಟ ಕಲಿಸುವ ಕೆಲಸ ಹಿಡಿಯುತ್ತೇನೆ ಎಂದಿದ್ದಳು. ಅದೇನು ಕೆಟ್ಟ ಕೆಲಸವಲ್ಲ. ಆದರೆ ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ, ರೊಟ್ಟಿಯ ಬುಟ್ಟಿಯನ್ನೇ ನೋಡುತ್ತಿದ್ದಳು.

ಬ್ಯಾಗಿನಲ್ಲಿ ಒಂದೇ ಒಂದು ಜಾಗದ ತಕರಾರು. ಅವಳ ಹತ್ತಿರ ಐದು ನಂಬರಿನ ಹಳೆಯ ವುಡ್ ಒಂದಿತ್ತು. ದಪ್ಪ ತಲೆಯವಕ್ಕೆ ವುಡ್ ಎನ್ನುತ್ತಾರೆ, ಅದರಲ್ಲಿ ಕಟ್ಟಿಗೆಯ ಚೂರೂ ಇಲ್ಲ. ಅದರ ಜಾಗಕ್ಕೆ ಸರ್ ಒಂದು ಹೊಸ ಕಬ್ಬಿಣದ ಸ್ಟಿಕ್ ಕೊಡಿಸಿದ್ದರು. ಎರಡೂ ಹೆಚ್ಚು ಕಡಿಮೆ ಒಂದೇ ದೂರ ಹೊಡೆಯುವಂಥವು. ಕಬ್ಬಿಣದ್ದು ಚೆಂಡನ್ನು ತಗ್ಗಿನಲ್ಲಿ ಒಯ್ಯುತ್ತದೆ, ಎದುರು ಗಾಳಿಗೆ ಒಳ್ಳೆಯದು. ಅವಳು ಹೊಸದನ್ನು ಬ್ಯಾಗಿಗೆ ಹಾಕಿ, ಹಳೆಯದನ್ನು ಕಪಾಟಿನ ಹಿಂದೆ ನಿಲ್ಲಿಸಿದಳು.

ಪಂದ್ಯ ಶುರುವಾಗುವುದಕ್ಕೆ ಮುಂಚೆ ನಮ್ಮ ಖಂಡೆ ಪೂಜೆ, ಅಂದರೆ ಆಯುಧಪೂಜೆ, ಬಂತು. ವಿಜಯಪುರದ ಕಡೆಯ ನಮಗೆ ಅದು ದೊಡ್ಡ ದಿನ. ಮನೆಯಲ್ಲಿ ಅನ್ನ ಕೊಡುವ ಸಾಮಾನು ಏನೇನಿದೆಯೋ ಎಲ್ಲವನ್ನೂ ತೊಳೆದು ದೇವರ ಮುಂದೆ ಇಡುತ್ತೇವೆ. ಒಮ್ಮೆ ಪೂಜೆಗೆ ಕೂರಿಸಿದ ಮೇಲೆ ಮರುದಿನ ಮುಂಜಾನೆಯ ತನಕ ಅವನ್ನು ಯಾರೂ ಮುಟ್ಟುವಂತಿಲ್ಲ. ಅವಕ್ಕೂ ಒಂದು ದಿನ ವಿಶ್ರಾಂತಿ ಬೇಡವೇ? ಮಗನ ಮಷಿನ್ನಿನ ನಟ್ಟು ಬಿಗಿಯುವ ಪಾನಾ, ರೊಟ್ಟಿ ಹಿಟ್ಟು ನಾದುವ ನನ್ನ ಕೊಣಮಿಗೆ, ಸೊಸೆಯ ಹೊಲಿಗೆ ಮಷಿನ್, ಎಲ್ಲ ಇಟ್ಟೆ. ಬ್ಯಾಗನ್ನೂ ಎಳೆದು ತಂದು, ಸ್ಟಿಕ್ಕುಗಳನ್ನೆಲ್ಲ ಹೊರಗೆ ತೆಗೆದು ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಸೇವಂತಿಗೆ ಮಾಲೆ ಹಾಕಿ, ಆರತಿ ಎತ್ತಿದೆ. ಮೊಮ್ಮಗಳು ಆಗ ಸ್ನಾನಕ್ಕೆ ಹೋಗಿದ್ದಳು.

ಹೊರಗೆ ಬಂದವಳು ನೋಡಿ ಚೀರಿದಳು.

“ಆಯಿ! ಏ ಕ್ಯಾ ಕಿಯಾ? ಮುಖದ ಮ್ಯಾಲೆ ಕುಂಕುಮ! ಹೊಡೆಯೋ ಜಾಗಾ ಐತಿ ಅದು, ಅಲ್ಲೇನೂ ಹಚ್ಚಂಗಿಲ್ಲ!”

“ಮತ್ತ ಕುಂಕುಮ ಮುಖಕ್ಕ ಹಚ್ಚದ ಬೆನ್ನಿಗೆ ಹಚ್ತಾರೇನವಾ?”

“ಹಾಂ, ಬೆನ್ನಿಗೇ ಹಚ್ಚು! ಇದರ ಗೆರಿ ಒಳಗ ಎಲ್ಲಾ ತುಂಬೇತಿ. ಹಲ್ಲುಜ್ಜೋ ಬ್ರಷ್ ತಗೊಂಡ್ ತಿಕ್ಕಬೇಕು ಈಗ.” ಬಗ್ಗಿ ಒಂದನ್ನು ಎತ್ತಲು ಕೈ ಚಾಚಿದಳು.

“ಮುಟ್ಟಬ್ಯಾಡ! ನಾಳಿ ಮುಂಜಾನಿ ತನಾ ಯಾರೂ ಮುಟ್ಟಂಗಿಲ್ಲ.”

“ಮೇರಾ ಪ್ರಾಕ್ಟೀಸ್ ಐತಿ ಆಯಿ! ಇವತ್ತೇ ಆ ಗ್ರೌಂಡ್ ನೋಡಾಕ ಬಿಡ್ತಾರ. ಪಪ್ಪಾ, ನೀ ಹೇಳು ನಾ!”

ನನ್ನ ಮಗ ಪಂಚೆ ಉಟ್ಟು ಪ್ರಸಾದಕ್ಕೆ ಕಾಯುತ್ತ ಕೂತಿದ್ದ. “ನಾ ಏನ ಹೇಳ್ಲಿ? ನನ್ನ ಪಾನಾ ಮುಟ್ಟಿದ್ರ ಈಕಿ ನನಗ ಹೋಳಿಗಿ ಹಾಕಂಗಿಲ್ಲ. ನನ್ನ ಹೆಗಲಿಗೂ ಒಂದ ದಿನಾ ಸೂಟಿ ಸಿಕ್ಕೇತಿ, ಇರ್ಲಿ ಬಿಡು” ಎಂದ.

ಅವಳು ಮುಖ ಊದಿಸಿಕೊಂಡು ಕೋಣೆಯಲ್ಲಿ ಅತ್ತಿಂದಿತ್ತ ತಿರುಗಿದಳು. ನನಗೂ ಒಳಗೊಳಗೇ ಅಳುಕಾಯಿತು. ಪಂದ್ಯದಲ್ಲಿ ಏನಾದರೂ ಎಡವಟ್ಟಾದರೆ ಪ್ರಾಕ್ಟೀಸ್ ಕೆಡಿಸಿದವಳು ಆಯಿ ಎನ್ನುವ ಹಾಗೆ ಆಗುತ್ತದಲ್ಲ! ಆದರೆ ದೇವರ ಮುಂದೆ ಇಟ್ಟದ್ದನ್ನು ಹೇಗೆ ಎತ್ತಿಕೊಡಲಿ? ಅಷ್ಟರಲ್ಲಿ ಅವಳು ಕಪಾಟಿನ ಹಿಂದೆ ಕೈ ಹಾಕಿ ಆ ಹಳೆಯ ಐದು ನಂಬರನ್ನು ಎಳೆದು ತೆಗೆದಳು.

“ಇದಕ್ಕ ಪೂಜಾ ಮಾಡೀಯೇನು?”

ಮಾಡಿರಲಿಲ್ಲ. ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. “ಇಲ್ಲ” ಎಂದೆ.

“ಹಂಗಾರ ಇದನ್ನ ಒಯ್ತೀನಿ. ಇದು ನಾಸ್ತಿಕ ಐತಿ!” ಎಂದು ನಗುತ್ತಲೇ ಚಪ್ಪಲಿ ಮೆಟ್ಟಿ ಹೊರಟುಬಿಟ್ಟಳು. ಕಿಟಕಿಯಿಂದ ನೋಡಿದೆ. ಒಂದೇ ಒಂದು ಸ್ಟಿಕ್ ಹೆಗಲಿಗಿಟ್ಟುಕೊಂಡು, ದನ ಕಾಯಲು ಹೊರಟವಳ ಹಾಗೆ ಸ್ಟೇಷನ್ ಕಡೆಗೆ ನಡೆದಿದ್ದಳು.

ಸಂಜೆ ಬಂದಾಗ ಪ್ಯಾಂಟು ಮೊಣಕಾಲ ತನಕ ಒದ್ದೆ, ಬೂಟಿನ ತುಂಬ ಕೆಸರು. ಆದರೆ ಮುಖ! ಆ ಮುಖ ನೋಡಿ ನಾನು ಹೋಳಿಗೆ ಮಗುಚುವುದನ್ನು ಬಿಟ್ಟೆ. ಕೂರುವ ಮೊದಲೇ ಸರ್‌ಗೆ ಫೋನ್ ಹಚ್ಚಿ ಹಿಂದಿಯಲ್ಲಿ ಗಡಗಡ ಮಾತಾಡಿದಳು. ಆಮೇಲೆ ನನಗೆ ಬಿಡಿಸಿ ಹೇಳಿದಳು. ಮಳೆ ಈಗಷ್ಟೇ ನಿಂತದ್ದರಿಂದ ಆ ಮೈದಾನದ ಅಂಚಿನ ಹುಲ್ಲು ಎತ್ತರಕ್ಕೆ ಬೆಳೆದು ನೆನೆದು ಕೂತಿದೆ. ಅಂಥ ಹುಲ್ಲಿನಲ್ಲಿ ಕಬ್ಬಿಣದ ಸ್ಟಿಕ್ಕಿನ ಕುತ್ತಿಗೆಗೆ ಹುಲ್ಲು ಸುತ್ತಿಕೊಂಡು ಅದು ಹೊರಳಿಬಿಡುತ್ತದೆ. ಈ ಹಳೆಯದರ ತಲೆ ದುಂಡಗೆ, ಹುಲ್ಲಿನ ಮೇಲೆ ಜಾರಿಕೊಂಡು ಹೋಗುತ್ತದೆ. ದಿನವಿಡೀ ಬೇರೆ ಸ್ಟಿಕ್ ಇಲ್ಲದ್ದರಿಂದ ಹುಲ್ಲಿನಲ್ಲಿ, ಇಳಿಜಾರಿನಲ್ಲಿ, ಮರದ ಬುಡದಲ್ಲಿ, ಎಲ್ಲ ಕಡೆಯಿಂದಲೂ ಇದರಿಂದಲೇ ಹೊಡೆದು ನೋಡಿದಳು. ಮೆಲ್ಲಗೆ ಹೊಡೆದರೆ ಎಷ್ಟು, ಕೈ ಕೆಳಗೆ ಹಿಡಿದರೆ ಎಷ್ಟು, ಎಲ್ಲ ಗೊತ್ತಾಯಿತು.

“ಸರ್ ಏನಂದ್ರು?” ಎಂದು ಕೇಳಿದೆ.

“ನಗಾಕತ್ತಿದ್ರು. ‘ನಾನು ಗಾಳಿ ನೋಡಿದೆ, ಹುಲ್ಲು ನೋಡಲಿಲ್ಲ. ನಿನ್ನ ಕೈ ಏನು ಹೇಳ್ತದೋ ಅದನ್ನ ಇಟ್ಕೋ’ ಅಂದ್ರು.”

ಮರುದಿನ ಮುಂಜಾನೆ ಪೂಜೆ ಇಳಿಸಿ, ಸಂಜೆಯ ತನಕ ಕಾಯದೆ ಬನ್ನಿ ಎಲೆ ಕೊಟ್ಟು ತೆಗೆದುಕೊಂಡ ಮೇಲೆ ಅವಳು ಬ್ಯಾಗು ಕಟ್ಟಿದಳು. ಹೊಸ ಕಬ್ಬಿಣದ್ದು ಹೊರಗೆ ಬಂತು, ಹಳೆಯದು ಒಳಗೆ ಹೋಯಿತು. ಪೂಜೆ ಮಾಡಿಸಿಕೊಂಡದ್ದು ಮನೆಯಲ್ಲಿ ಉಳಿದು, ಮಾಡಿಸಿಕೊಳ್ಳದ್ದು ಪಂದ್ಯಕ್ಕೆ ಹೊರಟಿತ್ತು. ನನಗೆ ತಡೆಯಲಾಗಲಿಲ್ಲ, ಬ್ಯಾಗಿನ ಹತ್ತಿರ ಹೋಗಿ ಅದಕ್ಕೂ ಒಂದು ಬೊಟ್ಟು ಹಚ್ಚಿದೆ. ಬೆನ್ನಿಗೇ ಹಚ್ಚಿದೆ.

ಪಂದ್ಯ ಮೂರು ದಿನದ್ದು. ಕೊನೆಯ ದಿನ ನಾನೂ ಹೋದೆ. ಬಿಳಿ ಟೋಪಿ ಹಾಕಿಸಿ, ಕೈಗೆ ನೀರಿನ ಬಾಟಲಿ ಕೊಟ್ಟು, ‘ಆಯಿ, ಚೆಂಡು ಹೊಡೆಯೋ ಮುಂದ ಮಾತಾಡಬ್ಯಾಡ’ ಎಂದು ಕೈ ಮುಗಿದಿದ್ದಳು. ಮಾತಾಡದೆ ಇರುವುದು ನನಗೆ ಉಪವಾಸಕ್ಕಿಂತ ಕಷ್ಟ. ಸೀರೆಯ ಸೆರಗನ್ನು ಬಾಯಿಗೆ ಹಿಡಿದುಕೊಂಡೇ ಅವರ ಹಿಂದೆ ನಡೆದೆ. ಮಗ ಬೆನ್ನ ಮೇಲೆ ಬ್ಯಾಗು ಹೊತ್ತು ಮುಂದೆ ಮುಂದೆ ಹೋಗುತ್ತಿದ್ದ. ಮನೆಯಲ್ಲಿ ಒಂದು ಗ್ಯಾಸ್ ಸಿಲಿಂಡರ್ ಎತ್ತು ಎಂದರೆ ಸೊಂಟ ನೋವು ಎನ್ನುವವನು!

ಕೊನೆಯ ಕುಣಿಗೆ ಬಂದಾಗ ಅವಳು ಹತ್ತರೊಳಗಿನ ಗೆರೆಯ ಮೇಲೆಯೇ ಇದ್ದಳು. ಈ ಆಟದಲ್ಲಿ ಕಡಿಮೆ ಹೊಡೆತದವರೇ ಮೇಲೆ; ನಾಲ್ಕರಲ್ಲಿ ಕುಣಿಗೆ ಹಾಕಬೇಕು, ಒಂದು ಹೊಡೆತ ಹೆಚ್ಚಾದರೆ ಕೆಳಗೆ. ಮೊದಲ ಹೊಡೆತ ಬಲಕ್ಕೆ ಸರಿದು ಹುಲ್ಲಿನಲ್ಲಿ ಬಿತ್ತು. ಅವಳು ಹೋಗಿ ಬಗ್ಗಿ ನೋಡಿದಳು, ಹುಲ್ಲನ್ನು ನೋಡಿದಳು, ದೂರದ ಬಾವುಟ ನೋಡಿದಳು. ಅಪ್ಪನ ಕಡೆ ಕೈ ಚಾಚಿದಳು. ಮಗ ಏನೂ ಕೇಳದೆ ಐದು ನಂಬರು ಕೊಟ್ಟ. ಹೊಡೆದಳು. ಹುಲ್ಲಿನ ಚೂರು ಹಾರಿದ್ದು ಕಂಡಿತು, ಚೆಂಡು ನನಗೆ ಕಾಣಲೇ ಇಲ್ಲ. ಆಚೆಗೆ ನಿಂತವರು ಚಪ್ಪಾಳೆ ತಟ್ಟಿದ ಮೇಲೆಯೇ ಅದು ಕುಣಿ ಇರುವ ನುಣುಪು ಹುಲ್ಲಿನ ಅಂಚಿಗೆ ಬಿದ್ದಿದೆ ಎಂದು ತಿಳಿದದ್ದು.

ಅಲ್ಲಿಂದ ಉರುಳಿಸಿದ ಚೆಂಡು ಕುಣಿಗಿಂತ ಮೊಳದಷ್ಟು ಹಿಂದೆಯೇ ನಿಂತಿತು. ಅದರ ಮುಂದಿನ ಹೊಡೆತಕ್ಕೆ ಅವಳು ಎಷ್ಟು ಹೊತ್ತು ನಿಂತಳೆಂದರೆ, ನನಗೆ ಕೂಗಿಬಿಡಬೇಕು ಅನ್ನಿಸಿತು. ಆಮೇಲೆ ಟಕ್ ಎಂದು ಸದ್ದು. ಚೆಂಡು ಒಳಗೆ.

ಆದರೂ ಮುಗಿಯಲಿಲ್ಲ. ಹಿಂದೆ ಇನ್ನೂ ಆಡುವವರಿದ್ದರು, ಅವರ ಆಟ ಮುಗಿಯುವ ತನಕ ಕಾಯಬೇಕು. ಅವಳು ಅಂಕ ಬರೆಯುವ ಬೋರ್ಡಿನ ಕಡೆ ಬೆನ್ನು ಮಾಡಿ ಬೆಂಚಿನ ಮೇಲೆ ಕೂತು ಬೂಟಿನ ಕೆಸರು ಕೆರೆಯುತ್ತಿದ್ದಳು. ನಾನು ಬಟಾಟೆ ವಡೆ ಕೊಟ್ಟೆ, ಬೇಡ ಎಂದಳು. ಮಗ ತನ್ನದನ್ನು ತಿಂದು ಅವಳದ್ದನ್ನೂ ತಿಂದ. ಅಷ್ಟರಲ್ಲಿ ಬೋರ್ಡಿನ ಹತ್ತಿರದಿಂದ ಸರ್ ಓಡುತ್ತ ಬಂದರು. ಅವರು ಓಡಿದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ಎರಡೂ ಕೈ ಎತ್ತಿ ಹತ್ತು ಬೆರಳು ತೋರಿಸಿದರು. ಹತ್ತನೆಯ ಜಾಗ! ಗೆರೆ ದಾಟಿದ್ದಳು.

ಆಗ ನಾನು ಕೂಗಿದ್ದು ಅಲ್ಲಿದ್ದ ಯಾರ ಕಿವಿಗಾದರೂ ತೊಂದರೆ ಮಾಡಿದ್ದರೆ ಅವರು ನನ್ನನ್ನು ಕ್ಷಮಿಸಬೇಕು. ಅವಳು ಬಂದು ನನ್ನ ಕೊರಳಿಗೆ ಬಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ನನ್ನ ರವಿಕೆಯ ತೋಳು ಮಾತ್ರ ಒದ್ದೆಯಾಯಿತು.

ಮನೆಗೆ ಬರುವಾಗ ಲೋಕಲ್ಲಿನಲ್ಲಿ ಮಗ ಬ್ಯಾಗು ಹಿಡಿದು ಗಂಡಸರ ಡಬ್ಬಿಗೆ ಹತ್ತಿದ, ನಾವಿಬ್ಬರೂ ಹೆಂಗಸರ ಡಬ್ಬಿಯಲ್ಲಿ. ಸೀಟು ಸಿಕ್ಕಿತು.

“ಇನ್ನ ಆರಾಮ ಆತಲ್ಲವಾ. ಯಾವ ಸ್ಟಿಕ್ ಅಂತ ತಲಿ ಕೆಡಿಸ್ಕೊಳ್ಳೋದಿಲ್ಲ. ಇವೇ ಹದಿನಾಕು ಪಕ್ಕಾ” ಎಂದೆ.

“ಕೈಸೆ ಪಕ್ಕಾ ಆಯಿ? ಮುಂದಿನ ಮ್ಯಾಚ್ ಬ್ಯಾರೆ ಊರಾಗ. ಅಲ್ಲಿ ನೆಲ ಕಲ್ಲಿನಂಗ ಗಟ್ಟಿ, ಗಾಳಿ ಭಾಳ. ಎಲ್ಲಾ ಮೊದಲಿಂದ ವಿಚಾರ ಮಾಡಬೇಕು.”

“ಮತ್ತ ಮೊದಲಿಂದ?”

“ಹಾಂ. ಮುಂದಿನ ವರ್ಷ ಪೂರಾ!” ಎಂದಳು. ಮುಂದಿನ ವರ್ಷ ಎಂಬ ಮಾತನ್ನು ಅವಳು ಹಪ್ಪಳ ಮುರಿದು ತಿನ್ನುವವರ ಹಾಗೆ ರುಚಿ ನೋಡುತ್ತ ಹೇಳಿದಳು. ಪಕ್ಕದಲ್ಲಿ ಕೂತಿದ್ದ ಮರಾಠಿ ಬಾಯಿ ನಮ್ಮಿಬ್ಬರನ್ನೂ ನೋಡಿ, ‘ಏನು ವಿಶೇಷ?’ ಎಂದು ಕೇಳಿಯೇಬಿಟ್ಟಳು. ಘಾಟ್ಕೋಪರ್ ಇನ್ನೂ ದೂರವಿತ್ತು. ನಾನು ಸೆರಗು ಸರಿ ಮಾಡಿಕೊಂಡು, ಅವಳ ಕಡೆ ತಿರುಗಿ ಕೂತೆ.