ಬಾಗಿಲ ಪಕ್ಕದ ಒಂದು ಸೀಟು

ಬಸ್ಸಿನ ಮುಂದಿನ ಸೀಟೆಲ್ಲ ಖಾಲಿ ಇದ್ದರೂ ಗಜೇಂದ್ರಗಡದ ದಸ್ತಗೀರಣ್ಣ ನೆಟ್ಟಗೆ ಹಿಂದಕ್ಕೆ ಹೋಗಿ ತುರ್ತು ಬಾಗಿಲ ಪಕ್ಕವೇ ಕೂಡುತ್ತಿದ್ದರು. ಕೂಡುವ ಮೊದಲು ಅದರ ಹಿಡಿಕೆಯನ್ನೊಮ್ಮೆ ತಿರುವಿ ನೋಡಬೇಕು. ತುಕ್ಕು ಹಿಡಿದಿದ್ದರೆ ಕಂಡಕ್ಟರನ ಕಥೆ ಮುಗಿಯಿತು.

ಅವರ ಕೆಲಸವೇ ಬಾಗಿಲು. ಅವರ ಕಂಪನಿಯಲ್ಲಿ ಹೊಸ ವಿಮಾನವೊಂದು ತಯಾರಾಗುತ್ತಿತ್ತು. ನಡುವೆ ಒಂದೇ ಹಾದಿ, ಆಚೀಚೆ ಮೂರು ಮೂರು ಸೀಟು. ಅವಘಡವಾದಾಗ ಜನ ಹೊರಬೀಳುವ ಬಾಗಿಲುಗಳು ಇವರ ಪಾಲಿನವು. ರಜೆಗೆ ಊರಿಗೆ ಬಂದು ರೋಣದ ನನ್ನ ಮೆಣಸಿನಕಾಯಿ ಅಂಗಡಿಗೆ ಕಾಲಿಟ್ಟರೆ ಚಹಾಕ್ಕಿಂತ ಮೊದಲು ಬಾಗಿಲಿಗೆ ಅಡ್ಡವಿದ್ದ ಚೀಲ ಸರಿಸುವರು.

"ಸಾವ್ಕಾರ್ರ, ಬಾಗಲಾ ಒಳಗ ಬರಾಕ ಅಂತ ತಿಳದೀರಿ. ಹೊರಗ ಹೋಗಾಕರಿ ಅದು."

"ಗಿರಾಕಿ ಒಳಗ ಬರಲಿಲ್ಲಂದ್ರ ನಾನ ಹೊರಗ ಹೋಗಬೇಕಾಕ್ಕೈತ್ರಿ" ಎನ್ನುತ್ತಿದ್ದೆ.

ಒಂದು ಮಳೆಗಾಲ ಇಬ್ಬರೂ ಹೊಳೆಮಣ್ಣೂರಿನಿಂದ ರೋಣಕ್ಕೆ ಒಂದೇ ಬಸ್ಸಿಗೆ ಹೊರಟೆವು. ಹಿಂದಿನ ಬಾಗಿಲಿಗೆ ಯಾರೋ ಉಳ್ಳಾಗಡ್ಡಿ ಚೀಲ ಒಟ್ಟಿದ್ದರು. ನಮ್ಮ ಕಡೆ ಆ ಬಾಗಿಲು ಇರುವುದೇ ಚೀಲ ಒರಗಿಸಲಿಕ್ಕೆ.

"ಸಾಹೇಬ್ರ, ಇದು ವಿಮಾನಲ್ರಿ, ಹೊಳೆಮಣ್ಣೂರ ಬಸ್ಸು" ಎಂದ ಕಂಡಕ್ಟರ್.

"ಅದಕ್ಕ ಹೇಳಾಕತ್ತೀನಿ. ಹಾರೂದಂತೂ ಇದರ ಕೈಲೆ ಆಗೂದಿಲ್ಲ. ನಾವರ ಜಿಗೀಬೇಕಲ್ಲೋ" ಎಂದು ಚೀಲಗಳನ್ನು ತಾವೇ ಎಳೆದು ಹಾಕಿದರು.

ಊರು ದಾಟಿ ಹಳ್ಳಕ್ಕಿಳಿದಾಗ ಎಂಜಿನ್ ನಿಂತಿತು. ಮಲಪ್ರಭೆಯ ನೀರು ಹಳ್ಳಕ್ಕೆ ಒತ್ತಿ ಬರುತ್ತಿತ್ತು. ಮುಂದಿನ ಬಾಗಿಲು ನೀರಿನ ಒತ್ತಡಕ್ಕೆ ತೆರೆಯಲೇ ಇಲ್ಲ. ಬಸ್ಸಿನ ಹಿಂಭಾಗ ಮಾತ್ರ ಇನ್ನೂ ದಿಬ್ಬದ ಮೇಲಿತ್ತು. ದಸ್ತಗೀರಣ್ಣ ಹಿಂದಿನ ಬಾಗಿಲು ತೆರೆದು ಕೆಳಗೆ ಜಿಗಿದು ನಿಂತರು. ಒಂದಿಷ್ಟು ಮಂದಿ ಇಳಿದರು. ಆಮೇಲೆ ಅಸೂಟಿಯ ಮುದುಕಿಯೊಬ್ಬಳು ಬಾಗಿಲ ಅಂಚಿನಲ್ಲಿ ಕುಂತುಬಿಟ್ಟಳು. ಎದೆಗೆ ಅವಚಿದ ಬಟ್ಟೆಗಂಟು. ಅವಳ ಹಿಂದೆ ಇಡೀ ಬಸ್ಸು ತಡೆದು ನಿಂತಿತು; ನಮ್ಮ ಕಾಲಡಿ ನೀರು ಏರುತ್ತಿತ್ತು.

"ಗಂಟ ಒಗಿಯಬೇ ಮುದುಕಿ!" ಎಂದು ಎಲ್ಲರೂ ಒದರಿದೆವು. ಆಕೆ ಇನ್ನಷ್ಟು ಬಿಗಿಯಾಗಿ ಅವಚಿದಳು.

ದಸ್ತಗೀರಣ್ಣ ಎರಡೂ ಕೈ ಚಾಚಿದರು. "ಒಗೀಬ್ಯಾಡ ಯವ್ವಾ. ಗಂಟ ಗಟ್ಟಿ ಹಿಡಕೊಂಡ ಜಿಗಿ. ಅದನ್ನೂ ಹಿಡೀತೀನಿ, ನಿನ್ನೂ ಹಿಡೀತೀನಿ."

ಜಿಗಿದಳು. ಅವಳ ಹಿಂದೆ ನಾವೆಲ್ಲ.

ದಿಬ್ಬದ ಮೇಲೆ ಒದ್ದೆ ಮೈಯಲ್ಲಿ ನಿಂತಾಗ ಅವರ ಮುಖದಲ್ಲಿ ಗೆಲುವಿರಲಿಲ್ಲ. "ನಾವು ವಿಮಾನ ಪರೀಕ್ಷಾ ಮಾಡೂಮುಂದ ಮಂದೀನ್ನ ಬರೇಗೈಲೆ ಇಳಸ್ತೀವ್ರಿ. ಖರೇ ಬೆಂಕಿ ಹತ್ತಿದಾಗ ಈ ಮುದುಕಿ ಬರತಾಳ, ಗಂಟಿನ ಸಂಗಡ. ಬಾಗಲಾ ಅಗಲ ಮಾಡಸಬೇಕು."

ಮೇಲಿನವರು ಒಪ್ಪಲಿಲ್ಲ. ಬಾಗಿಲು ಹಿಗ್ಗಿಸಿದರೆ ವಿಮಾನದ ಮೈಯ ಚೌಕಟ್ಟೇ ಬದಲಾಗಬೇಕು. ತೂಕ ಏರುತ್ತದೆ, ಏರಿದ ತೂಕ ಎಣ್ಣೆ ಕುಡಿಯುತ್ತದೆ. ಹಟ ಹಿಡಿದರೆ ಬಾಗಿಲಿನ ಕೆಲಸದಿಂದಲೇ ತೆಗೆಯುತ್ತೇವೆ ಎಂದರಂತೆ. ದಸ್ತಗೀರಣ್ಣ ನನಗೆ ಫೋನ್ ಮಾಡಿದರು. ಬುಟ್ಟಿ ಹೊತ್ತು ಸಂತೆ ಸುತ್ತಿ ಮೇಲೆ ಬಂದವನು ನಾನು. ಚೌಕಾಸಿ ವಿಷಯಕ್ಕೆ ನನ್ನನ್ನಲ್ಲದೆ ಯಾರನ್ನು ಕೇಳಬೇಕು?

"ಅಣ್ಣಾರ, ದೊಡ್ಡ ಬಾಗಲಾನ ಬೇಕಂತ ಕುಂದರ್ರಿ. ಅವರು ಬ್ಯಾಸತ್ತಾಗ, ಆತು ಬಿಡ್ರಿ, ಬಾಗಲದ ಬಾಜೂಕಿನ ಒಂದ ಸೀಟರ ತಗೀರಿ, ಗಂಟಿಗೆ ಜಾಗಾ ಆಗಲಿ ಅನ್ರಿ. ದೊಡ್ಡ ಖರ್ಚು ಉಳೀತು ಅಂತ ಸಣ್ಣದು ಕೊಡತಾರ."

ನೀವೂ ನೆನಪಿಡಿ: ನಿಜವಾಗಿ ಬೇಕಾದದ್ದನ್ನು ಮೊದಲೇ ಬಾಯಿಬಿಡಬಾರದು.

"ಅವರಿಗೆ ಸೀಟಂದ್ರ ಜೀವರಿ" ಎಂದು ನಕ್ಕರು.

"ನಿಮಗ?"

"ಕೇಳಿ ನೋಡತೀನಿ."

ಅದೇ ಅವರಿಂದ ಕೇಳಿದ ಕಡೆಯ ಮಾತು. ಕಂಪನಿ ಏನೆಂದಿತೋ ತಿಳಿಯುವ ಮೊದಲೇ ಎದೆನೋವು ಬಂದು ಹೋಗಿಬಿಟ್ಟರು. ಗಜೇಂದ್ರಗಡಕ್ಕೆ ಮಣ್ಣಿಗೆ ಹೋದೆ. ಅಲ್ಲಿ ಯಾರನ್ನು ಕೇಳುವುದು?

ಈಚೆಗೆ ಹುಬ್ಬಳ್ಳಿಯಿಂದ ವ್ಯಾಪಾರಕ್ಕೆ ಹೊರಟಾಗ ಅವರ ಕಂಪನಿಯ ಅದೇ ವಿಮಾನ ಸಿಕ್ಕಿತು. ನನ್ನ ಸೀಟು ಮುಂದಿತ್ತು. ಆದರೂ ನಡುವಿನ ತನಕ, ರೆಕ್ಕೆಯ ಬಳಿಯ ಬಾಗಿಲಿನ ತನಕ ಹೋದೆ. ಬೇರೆಲ್ಲ ಸಾಲಿನಲ್ಲಿ ಮೂರು. ಅಲ್ಲಿ ಎರಡೇ. ಬಾಗಿಲಿಗೆ ಅಂಟಿದಂತೆ ಬರೀ ನೆಲ.

ಹಿಂದೆಯೇ ಬಂದವರೊಬ್ಬರು ಆ ನೆಲದ ಮೇಲೆ ತಮ್ಮ ಬ್ಯಾಗು ಇಡಹೋದರು.

"ತಗೀರಿ ಅದನ್ನ" ಎಂದೆ.

"ಯಾಕ್ರಿ? ಜಾಗಾ ಖಾಲಿ ಐತಲ್ಲ."

"ಖಾಲಿ ಇಲ್ರಿ. ಅಲ್ಲೆ ನಮ್ಮ ದಸ್ತಗೀರಣ್ಣ ಕುಂತಾರ."